ಎಬಿಜಿ ಕಲಿಯಲು ಎಷ್ಟು ಸಲ ಚುಚ್ಚಬೇಕು? ಸಿರಿಂಜನ್ನು ಐಸಿನಲ್ಲಿಡಬೇಕೇ?

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಆಸ್ಪತ್ರೆಗಳಿಗೆ ಹೊಸದಾಗಿ ಸೇರಿದ ನರ್ಸ್‌ಗಳಿಂದ ಪ್ರತಿವರ್ಷವೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುವ ಪ್ರಶ್ನೆಯೊಂದಿದೆ. ಅದು ಎಬಿಜಿಯ ಬಗ್ಗೆ, ಅಂದರೆ ಅಪಧಮನಿಯಿಂದ (ಹೃದಯದಿಂದ ಹೊರಡುವ, ನಾಡಿ ಬಡಿಯುವ ರಕ್ತನಾಳದಿಂದ) ರಕ್ತ ತೆಗೆದು ಅದರಲ್ಲಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲೀಯತೆಯನ್ನು ಅಳೆಯುವ ಪರೀಕ್ಷೆಯ ಬಗ್ಗೆ. ಈ ಸಲ ಅದನ್ನು ಕಳುಹಿಸಿದ ಓದುಗರು ಹೀಗೆ ಬರೆದಿದ್ದಾರೆ: “ಐಸಿಯುವಿನಲ್ಲಿ ಸ್ವತಂತ್ರವಾಗಿ ಎಬಿಜಿ ತೆಗೆಯಲು ಅನುಮತಿ ಸಿಗಬೇಕಾದರೆ ಎಷ್ಟು ಸಲ ತೆಗೆದಿರಬೇಕು ಮೇಡಂ? ನಾನು ಹತ್ತು ತೆಗೆದಿದ್ದೇನೆ, ಹತ್ತರಲ್ಲೂ ರಕ್ತ ಸಿಕ್ಕಿದೆ, ಎಲ್ಲವನ್ನೂ ಸರಿಯಾಗಿ ಐಸಿನಲ್ಲಿಟ್ಟೇ ಲ್ಯಾಬಿಗೆ ಕಳುಹಿಸಿದ್ದೇನೆ. ಆದರೂ ಲಾಗ್‌ಬುಕ್ಕಿಗೆ ಸಹಿ ಹಾಕಿಲ್ಲ.”

ಸಂಖ್ಯೆಯ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಮೇಲ್ವಿಚಾರಣೆಯಲ್ಲಿ ಕನಿಷ್ಠ ಇಷ್ಟು ಸಲ ಮಾಡಿರಬೇಕೆಂದು ಪ್ರತಿಯೊಂದು ಆಸ್ಪತ್ರೆಯೂ ತನ್ನದೇ ಲೆಕ್ಕ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳುವುದು ಒಳ್ಳೆಯದೂ ಹೌದು. ಆದರೆ ಆ ಸಂಖ್ಯೆ ಮುಟ್ಟಿದವರನ್ನು ಪರೀಕ್ಷೆಗೆ ಕೂರಿಸಬಹುದೆಂದಷ್ಟೇ ಅದರ ಅರ್ಥ. ಯಾರೂ ಪಕ್ಕದಲ್ಲಿ ನಿಂತು ನೋಡದೆ ತೆಗೆದ ಹತ್ತು ಸ್ಯಾಂಪಲ್‌ಗಳಲ್ಲಿ ಒಂದೇ ತಪ್ಪು ಹತ್ತು ಸಲ ನಡೆದಿದ್ದರೆ, ಆ ತಪ್ಪು ಕೈಗೆ ಚೆನ್ನಾಗಿ ರೂಢಿಯಾಗಿದೆ ಎಂದಲ್ಲದೆ ಬೇರೇನನ್ನೂ ಲಾಗ್‌ಬುಕ್ ಹೇಳುವುದಿಲ್ಲ. ಆದ್ದರಿಂದಲೇ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಆರಂಭದಿಂದ ಕೊನೆಯವರೆಗೆ ಕಣ್ಣಾರೆ ನೋಡಿ, ಹಂತ ಹಂತವಾಗಿ ಗುರುತು ಹಾಕಿಕೊಂಡು ಮೌಲ್ಯಮಾಪನ ಮಾಡುವ ಕ್ರಮ ಬಂದಿದೆ.

ಆ ಹಂತಗಳು ಸೂಜಿಯಿಂದ ಆರಂಭವಾಗುವುದಿಲ್ಲ. ರೋಗಿಯ ಹೆಸರು ಮತ್ತು ಐಪಿ ನಂಬರ್ (ಒಳರೋಗಿ ಸಂಖ್ಯೆ) ಕೇಳಿ ನೋಡಿಕೊಂಡಿರಾ, ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದಾರೆಯೇ ಎಂದು ವಿಚಾರಿಸಿದಿರಾ, ಈಗ ಎಷ್ಟು ಆಮ್ಲಜನಕ ಹೋಗುತ್ತಿದೆ ಮತ್ತು ಅದನ್ನು ಕೊನೆಯ ಸಲ ಬದಲಿಸಿ ಎಷ್ಟು ಹೊತ್ತಾಯಿತು ಎಂದು ಬರೆದುಕೊಂಡಿರಾ ಎಂಬುದೆಲ್ಲ ಮೊದಲು. ಆಮ್ಲಜನಕದ ಪ್ರಮಾಣ ಬದಲಿಸಿ ಐದೇ ನಿಮಿಷವಾಗಿರುವಾಗ ತೆಗೆದ ರಕ್ತ ಹಳೆಯ ಸ್ಥಿತಿಯನ್ನೂ ಹೇಳುವುದಿಲ್ಲ, ಹೊಸ ಸ್ಥಿತಿಯನ್ನೂ ಹೇಳುವುದಿಲ್ಲ. 20ರಿಂದ 30 ನಿಮಿಷ ಕಾಯುವುದು ಒಳ್ಳೆಯ ಅಭ್ಯಾಸ. ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿ ಹಿಡಿದು, ಅಲ್ನಾರ್ (ಕಿರುಬೆರಳಿನ) ಕಡೆಯದನ್ನು ಮಾತ್ರ ಬಿಟ್ಟು, ಅಂಗೈಗೆ ಬಣ್ಣ ಮರಳುವುದನ್ನು ನೋಡುವ ಅಲೆನ್ ಪರೀಕ್ಷೆಯ ಮೂಲ ರೂಪವನ್ನು ಎಡ್ಗರ್ ಅಲೆನ್ 1929ರಲ್ಲಿ ವಿವರಿಸಿದರು. ಈಗ ನಾವು ಮಾಡುವುದು ಅದರ ಮಾರ್ಪಟ್ಟ ರೂಪ. ಮುಂದೆ ಆಗಬಹುದಾದ ತೊಂದರೆಯನ್ನು ಅದು ಖಚಿತವಾಗಿ ಮೊದಲೇ ತಿಳಿಸುತ್ತದೆ ಎಂದು ಹೇಳಲಾಗದಿದ್ದರೂ, ಕೈಯ ರಕ್ತಸಂಚಾರದ ಕಡೆಗೆ ಗಮನ ಹರಿಸಿದ್ದೀರಿ ಎಂಬುದಕ್ಕೆ ದಾಖಲೆಯಾಗಿ ಉಳಿಯುತ್ತದೆ.

ಇನ್ನು ಮಾತು. ನಮ್ಮ ಜಿಲ್ಲೆಯ ವಾರ್ಡಿನಲ್ಲಿ ಒಂದು ಹಾಸಿಗೆಯವರು ಕನ್ನಡ, ಪಕ್ಕದವರು ಮಲಯಾಳ, ಆಚೆಯವರು ತುಳು ಅಥವಾ ಬ್ಯಾರಿ ಮಾತನಾಡುವವರಾಗಿರುತ್ತಾರೆ. “ಅಜ್ಜೀ, ಇದು ಯಾವಾಗಲೂ ತೆಗೆಯುವ ರಕ್ತದ ಹಾಗಲ್ಲ, ನಾಡಿ ಬಡಿಯುವಲ್ಲಿಂದ ತೆಗೆಯಬೇಕು, ಸ್ವಲ್ಪ ಹೆಚ್ಚು ನೋವಾದೀತು, ಕೈ ಎಳೆಯಬೇಡಿ” ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳದೆ ಚುಚ್ಚಿದವರಿಗೆ ನಾನು ಆ ಹಂತದ ಅಂಕ ಕೊಡುವುದಿಲ್ಲ.

ಚುಚ್ಚುವ ಕೌಶಲವನ್ನು ರಬ್ಬರಿನ ಕೈಯ ಮೇಲೆ ಕಲಿಸಬಹುದು. ಬಲ್ಬ್ ಒತ್ತಿದರೆ ನಾಡಿ ಬಡಿಯುತ್ತದೆ. 23 ಗೇಜಿನ ಸೂಜಿಯ ಓರೆಬಾಯಿ ಮೇಲಕ್ಕಿರುವಂತೆ, ಸುಮಾರು 45 ಡಿಗ್ರಿ ಕೋನದಲ್ಲಿ, ನಿಧಾನವಾಗಿ ಒಳಹೋಗುವುದು ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ. ಪರೀಕ್ಷೆಯ ದಿನ ನಾನು ಎದುರು ನೋಡುವುದು ಅದರ ಮುಂದಿನ ಕ್ಷಣವನ್ನು. ರಕ್ತ ತನ್ನದೇ ಒತ್ತಡದಿಂದ ಸಿರಿಂಜಿನೊಳಗೆ ಏರಿ, ಪಿಸ್ಟನ್ ಮಿಡಿಯುತ್ತಾ ಹಿಂದೆ ಸರಿಯುವಾಗ ಅಭ್ಯರ್ಥಿಯ ಮುಖ ಅರಳುತ್ತದೆ, ಭುಜ ಸಡಿಲವಾಗುತ್ತದೆ, ಪರೀಕ್ಷೆ ಮುಗಿಯಿತೆಂಬ ಭಾವ ಬರುತ್ತದೆ. ನನ್ನ ಹಾಳೆಯಲ್ಲಿ ಆಗ ಅರ್ಧದಷ್ಟು ಗೆರೆಗಳು ಇನ್ನೂ ಖಾಲಿಯಿರುತ್ತವೆ. ಚುಚ್ಚಿದ ಜಾಗವನ್ನು ತಾವೇ ಐದು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯುತ್ತಾರೆಯೇ, ಅಥವಾ ಇನ್ನೊಬ್ಬರಿಗೆ ಸರಿಯಾಗಿ ಒಪ್ಪಿಸುತ್ತಾರೆಯೇ, ಇಲ್ಲವೇ ಹತ್ತಿಯ ಮೇಲೆ ಪ್ಲಾಸ್ಟರ್ ಅಂಟಿಸಿ “ನೀವೇ ಒತ್ತಿ ಹಿಡಿಯಿರಿ” ಎಂದು ಏದುಸಿರು ಬಿಡುತ್ತಿರುವ ರೋಗಿಗೇ ಹೇಳಿ ಹೊರಡುತ್ತಾರೆಯೇ? ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಬಿಸಾಡುವ ಡಬ್ಬಕ್ಕೆ ಹಾಕಿದರೇ? ಗಾಳಿಗುಳ್ಳೆಯನ್ನು ಕೂಡಲೇ ಹೊರಹಾಕಿ ಬಾಯಿ ಮುಚ್ಚಿದರೇ? ಸಿರಿಂಜನ್ನು ಎರಡು ಅಂಗೈಗಳ ನಡುವೆ ಉರುಳಿಸಿ, ತಲೆಕೆಳಗು ಮಾಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಲ್ಲೆಡೆ ಬೆರೆಯುವಂತೆ ಮಾಡಿದರೇ? ಹೆಸರು ಮತ್ತು ಸಮಯವನ್ನು ಹಾಸಿಗೆಯ ಪಕ್ಕದಲ್ಲೇ ಬರೆದರೇ?

ಗುಳ್ಳೆಯ ಮಾತು ಸಣ್ಣದೆಂದು ತೋರುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 150 ಮಿಲಿಮೀಟರ್ ಪಾದರಸದಷ್ಟಿದೆ, ಇಂಗಾಲದ ಡೈಆಕ್ಸೈಡಿನದ್ದು ಇಲ್ಲವೆನ್ನುವಷ್ಟು ಕಡಿಮೆ. ಉಸಿರಾಟ ಸೋಲುತ್ತಿರುವ ರೋಗಿಯ ರಕ್ತದೊಂದಿಗೆ ಅಂಥ ಗುಳ್ಳೆ ಕುಲುಕಾಡುತ್ತಾ ಲ್ಯಾಬ್ ತಲುಪಿದರೆ, ಆಮ್ಲಜನಕ ಇರುವುದಕ್ಕಿಂತ ಹೆಚ್ಚಾಗಿಯೂ ಡೈಆಕ್ಸೈಡ್ ಇರುವುದಕ್ಕಿಂತ ಕಡಿಮೆಯಾಗಿಯೂ ಕಂಡು, ರೋಗಿ ಸುಧಾರಿಸುತ್ತಿದ್ದಾರೆಂಬ ಸುಳ್ಳು ನೆಮ್ಮದಿ ಮೂಡುತ್ತದೆ. ವಯಲ್‌ನಿಂದ ಹೆಪಾರಿನ್ ಎಳೆದುಕೊಂಡು, ಸಿರಿಂಜನ್ನು ತೊಳೆದು, ಅದನ್ನು ಪೂರ್ತಿ ಹೊರಹಾಕದೆ ಅರ್ಧ ಮಿಲಿ ರಕ್ತ ತೆಗೆಯುವ ಪದ್ಧತಿಯೂ ಅಷ್ಟೇ ಕೆಟ್ಟದ್ದು: ರಕ್ತ ತೆಳುವಾಗುತ್ತದೆ, ಡೈಆಕ್ಸೈಡ್ ಮತ್ತು ಬೈಕಾರ್ಬನೇಟ್ (ರಕ್ತದ ಆಮ್ಲವನ್ನು ಸಮತೋಲದಲ್ಲಿಡುವ ಅಂಶ) ತಗ್ಗುತ್ತವೆ, ಅಯಾನಿಕ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ.

ಈಗ ಐಸ್. ಎಷ್ಟು ತರಗತಿಗಳಲ್ಲಿ ಹೇಳಿದರೂ ಹೋಗದ ನಂಬಿಕೆ ಇದು, ಮತ್ತು ಇದನ್ನು ಹೇಳುವವರ ದನಿಯಲ್ಲಿ ಯಾವಾಗಲೂ ಒಂದು ಶಿಸ್ತಿನ ಹೆಮ್ಮೆ ಇರುತ್ತದೆ: “ನಾವು ಐಸಿಲ್ಲದೆ ಕಳುಹಿಸುವುದೇ ಇಲ್ಲ.”

ಈ ನಂಬಿಕೆಗೆ ಬುಡವಿಲ್ಲದೆ ಇಲ್ಲ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಬದುಕಿದ್ದು ಆಮ್ಲಜನಕ ಮತ್ತು ಗ್ಲೂಕೋಸನ್ನು ಬಳಸುತ್ತವೆ, ಲ್ಯಾಕ್ಟೇಟ್ ಮತ್ತು ಡೈಆಕ್ಸೈಡನ್ನು ಉತ್ಪಾದಿಸುತ್ತವೆ. ತಣ್ಣಗಿಟ್ಟರೆ ಆ ಚಟುವಟಿಕೆ ನಿಧಾನವಾಗುತ್ತದೆ. ಗಾಜಿನ ಸಿರಿಂಜುಗಳ ಕಾಲದಲ್ಲಿ ಈ ಲೆಕ್ಕ ಸರಿಯಾಗಿಯೇ ಇತ್ತು, ಆ ಕಾಲದಲ್ಲಿ ಬರೆದ ಪಠ್ಯಗಳಲ್ಲಿ ಐಸ್ ಸೇರಿಕೊಂಡದ್ದೂ ಸರಿಯೇ. ಆಮೇಲೆ ಸಿರಿಂಜ್ ಪ್ಲಾಸ್ಟಿಕ್ ಆಯಿತು, ಪಾಠ ಮಾತ್ರ ಹಾಗೆಯೇ ಉಳಿಯಿತು.

ಪ್ಲಾಸ್ಟಿಕ್ಕಿಗೂ ಗಾಜಿಗೂ ಇರುವ ವ್ಯತ್ಯಾಸ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು: ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟ ಹಲಸಿನ ಹಪ್ಪಳ ಆಟಿ ತಿಂಗಳ ಮಳೆಯಲ್ಲೂ ಗರಿಗರಿಯಾಗಿರುತ್ತದೆ, ತೆಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟದ್ದು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಸಿರಿಂಜಿನ ಗೋಡೆಯ ಮೂಲಕ ಆಮ್ಲಜನಕ ಹೀಗೆಯೇ ನಿಧಾನವಾಗಿ ನುಸುಳುತ್ತದೆ. ಅದನ್ನು ಐಸಿನಲ್ಲಿಟ್ಟಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ತಣ್ಣಗಾದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತಣ್ಣಗಿನ ಪ್ಲಾಸ್ಮಾದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಇದರಿಂದ ಸಿರಿಂಜಿನೊಳಗಿನ ಆಮ್ಲಜನಕದ ಒತ್ತಡ ಕುಸಿದು, ಹೊರಗಿನ ಆಮ್ಲಜನಕ ಗೋಡೆಯ ಮೂಲಕ ಒಳಗೆ ಬರುವ ಸೆಳೆತ ಹೆಚ್ಚುತ್ತದೆ. ಲ್ಯಾಬಿನ ಅನಲೈಸರ್ (ರಕ್ತ ಅಳೆಯುವ ಯಂತ್ರ) ಆ ರಕ್ತವನ್ನು 37 ಡಿಗ್ರಿಗೆ ಬಿಸಿ ಮಾಡಿ ಅಳೆಯುವಾಗ ಹಿಡಿದಿಟ್ಟದ್ದೆಲ್ಲ ಬಿಡುಗಡೆಯಾಗಿ, ರೋಗಿಯ ದೇಹದಲ್ಲಿ ಇಲ್ಲದಷ್ಟು ಆಮ್ಲಜನಕ ಕಾಗದದ ಮೇಲೆ ಬರುತ್ತದೆ. ಹಿಮೋಗ್ಲೋಬಿನ್ ಮೊದಲೇ ಬಹುಪಾಲು ತುಂಬಿಕೊಂಡಿರುವ ರಕ್ತದಲ್ಲಿ ಈ ಏರಿಕೆ ಹೆಚ್ಚು ಎದ್ದು ಕಾಣುತ್ತದೆ.

ಶೇ. 50 ಆಮ್ಲಜನಕದಲ್ಲಿರುವ ರೋಗಿಯ ರಕ್ತದಲ್ಲಿ ಆಮ್ಲಜನಕದ ನಿಜವಾದ ಒತ್ತಡ 95 ಎಂದಿಟ್ಟುಕೊಳ್ಳಿ. 95ನ್ನು 0.5ರಿಂದ ಭಾಗಿಸಿದರೆ 190. ಉಳಿದ ಲಕ್ಷಣಗಳೂ ಹೊಂದಿದರೆ 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ ಇದು ಮಧ್ಯಮ ತೀವ್ರತೆಯ ಎಆರ್‌ಡಿಎಸ್, ಅಂದರೆ ಶ್ವಾಸಕೋಶ ತೀವ್ರವಾಗಿ ಕೆಟ್ಟು ಉಸಿರಾಟ ಸೋಲುವ ಸ್ಥಿತಿ. ಐಸಿನಿಂದಾಗಿ ಅದು 105 ಎಂದು ಬಂದರೆ ಭಾಗಲಬ್ಧ 210 ಆಗಿ ರೋಗಿ ‘ಸೌಮ್ಯ’ ವರ್ಗಕ್ಕೆ ಜಾರುತ್ತಾರೆ. ಶ್ವಾಸಕೋಶ ಅದೇ, ವೆಂಟಿಲೇಟರ್ ಅದೇ. ಬದಲಾದದ್ದು ಸಿರಿಂಜನ್ನು ಎಲ್ಲಿ ಇಟ್ಟಿರಿ ಎಂಬುದು ಮಾತ್ರ.

ಪೊಟ್ಯಾಸಿಯಂ ವಿಚಾರ ಇನ್ನೂ ಗಂಭೀರ. ಕೆಂಪು ರಕ್ತಕಣಗಳ ಹೊದಿಕೆಯಲ್ಲಿರುವ ಪಂಪ್ ಪೊಟ್ಯಾಸಿಯಮನ್ನು ಒಳಗೇ ಹಿಡಿದಿಡುತ್ತದೆ. ಚಳಿಗೆ ಆ ಪಂಪ್ ಸೋತು, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಐಸಿನ ತುಂಡು ಸಿರಿಂಜಿಗೆ ನೇರವಾಗಿ ತಾಗಿದರೆ ಕಣಗಳೇ ಒಡೆಯಬಹುದು. ಫ್ಲಾಸ್ಕಿನಿಂದ ಹೊರತೆಗೆದ, ಮೈಯೆಲ್ಲ ನೀರಹನಿ ಕಟ್ಟಿದ ಸಿರಿಂಜನ್ನು ಎಷ್ಟು ದಿಟ್ಟಿಸಿದರೂ ಕಣ ಒಡೆದಿರುವುದು ಕಾಣುವುದಿಲ್ಲ, ಏಕೆಂದರೆ ಪೂರ್ಣರಕ್ತ ಹೇಗಿದ್ದರೂ ಕೆಂಪಾಗಿಯೇ ಇರುತ್ತದೆ. ಬಯೋಕೆಮಿಸ್ಟ್ರಿಯ ಟ್ಯೂಬಿನಲ್ಲಾದರೆ ಸೀರಂ ಬೇರ್ಪಟ್ಟಾಗ ಅದರ ಗುಲಾಬಿ ಬಣ್ಣವೇ ಎಚ್ಚರಿಸುತ್ತದೆ. ಎಬಿಜಿ ಸಿರಿಂಜಿನಲ್ಲಿ ಆ ಅವಕಾಶವಿಲ್ಲ. ಹೀಗೆ ಏರಿದ ಸಂಖ್ಯೆಯನ್ನು ನಂಬಿ, ಪೊಟ್ಯಾಸಿಯಂ ಇಳಿಸುವ ಇನ್ಸುಲಿನ್ ಚಿಕಿತ್ಸೆಯನ್ನು ಅಗತ್ಯವಿಲ್ಲದ ರೋಗಿಗೆ ಕೊಡುವಂತಾದರೆ ಅದರ ಮೂಲ ಐಸಿನ ಡಬ್ಬದಲ್ಲಿರುತ್ತದೆ.

ಆದ್ದರಿಂದ ಅಮೆರಿಕದ ಕ್ಲಿನಿಕಲ್ ಆ್ಯಂಡ್ ಲ್ಯಾಬೊರೇಟರಿ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಟ್ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು: ಪ್ಲಾಸ್ಟಿಕ್ ಸಿರಿಂಜನ್ನು ತಣಿಸಬಾರದು, ಕೋಣೆಯ ಉಷ್ಣತೆಯಲ್ಲೇ ಇಟ್ಟು 30 ನಿಮಿಷದೊಳಗೆ ಅಳೆಯಬೇಕು, ಅದಕ್ಕಿಂತ ತಡವಾಗುವುದಾದರೆ ಗಾಜಿನ ಸಿರಿಂಜ್ ಮತ್ತು ಐಸ್ ಬೆರೆತ ನೀರು. ಲ್ಯಾಕ್ಟೇಟ್ ಬೇಕಿದ್ದರೆ ಇನ್ನೂ ಬೇಗ. ರಕ್ತದ ಕ್ಯಾನ್ಸರಿನಿಂದ ಬಿಳಿ ಕಣಗಳು ವಿಪರೀತ ಏರಿರುವವರದ್ದಾದರೆ ತೆಗೆದ ಕೂಡಲೇ, ಏಕೆಂದರೆ ಆ ಕಣಗಳು ಸಿರಿಂಜಿನೊಳಗೇ ಆಮ್ಲಜನಕವನ್ನು ಬೇಗ ಬೇಗ ಮುಗಿಸುತ್ತವೆ.

“ಮೇಡಂ, ನಮ್ಮ ಊರಿನ ಏಪ್ರಿಲ್ ಸೆಕೆಯಲ್ಲಿ ಕೋಣೆಯ ಉಷ್ಣತೆ ಎಂದರೆ ಏನು?” ಎಂದು ಯಾರಾದರೂ ಕೇಳಿದರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ, ಏಕೆಂದರೆ ಅದು ಯೋಚಿಸಿ ಕೇಳಿದ ಪ್ರಶ್ನೆ. ಮಾರ್ಗಸೂಚಿ ಬರೆದವರ ಕೋಣೆ ನಮ್ಮ ಕ್ಯಾಷುವಾಲ್ಟಿಯ ವರಾಂಡದಷ್ಟು ಬಿಸಿಯಾಗಿರುವುದಿಲ್ಲ, ಬಿಸಿ ಹೆಚ್ಚಿದಷ್ಟೂ ಕಣಗಳ ಚಟುವಟಿಕೆಯೂ ಹೆಚ್ಚು. ಇದಕ್ಕೆ ಪರಿಹಾರ ಸಮಯವನ್ನು ಇನ್ನಷ್ಟು ಕಡಿಮೆ ಮಾಡುವುದು, ಸಿರಿಂಜನ್ನು ಬಿಸಿಲಿಗೂ ಸ್ಕೂಟರಿನ ಡಿಕ್ಕಿಗೂ ಒಡ್ಡದಿರುವುದು. ಸಿರಿಂಜ್ ಒಯ್ಯುವ ಅಟೆಂಡರಿಗೂ ತರಬೇತಿ ಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ದಾರಿಯಲ್ಲಿ ಕ್ಯಾಂಟೀನಿಗೆ ಹೋಗಬಾರದು ಎಂದಷ್ಟೇ ಹೇಳಿದರೆ ಸಾಲದು. ಏಕೆ ಹೋಗಬಾರದೆಂದು ವಿವರಿಸಿದರೆ ಅವರು ನಮಗಿಂತ ಚುರುಕಾಗಿ ಓಡುತ್ತಾರೆ.

ಅನಲೈಸರ್ ಇಲ್ಲದ ಸಣ್ಣ ಆಸ್ಪತ್ರೆಯಿಂದ ಸಿರಿಂಜನ್ನು ಐಸಿನಲ್ಲಿಟ್ಟು ಮಂಗಳೂರಿಗೆ ಕಳುಹಿಸುವ ಆಲೋಚನೆ ಇನ್ನೂ ಅಲ್ಲಲ್ಲಿ ಉಳಿದಿದೆ. ಕಾಸರಗೋಡಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ಗಡಿಯ ತಲಪಾಡಿ ದಾಟಿ ಅದು ತಲುಪುವಷ್ಟರಲ್ಲಿ ಆ ರಕ್ತಕ್ಕೆ ಅರ್ಥ ಉಳಿದಿರುವುದಿಲ್ಲ. ಅಲ್ಲಿಗೆ ಕಳುಹಿಸಬೇಕಾದದ್ದು ರೋಗಿಯನ್ನು, ರಕ್ತವನ್ನಲ್ಲ. ಯಂತ್ರ ತರಿಸಿಕೊಳ್ಳುವ ಆಸ್ಪತ್ರೆಗಳಿಗೂ ಒಂದು ಮಾತು: ಹಾಸಿಗೆಯ ಪಕ್ಕದ ಯಂತ್ರವನ್ನು ಬಳಸುವವರೆಲ್ಲರಿಗೂ ತರಬೇತಿಯಾಗಿರಬೇಕು, ಕ್ವಾಲಿಟಿ ಕಂಟ್ರೋಲ್ ನಡೆಯಬೇಕು, ನಿಗದಿತ ಅವಧಿಗೊಮ್ಮೆ ಮರುಮೌಲ್ಯಮಾಪನವೂ ಆಗಬೇಕು. ಒಂದು ಸಲ ಸಿಕ್ಕಿದ ಸಹಿ ಜೀವಮಾನಕ್ಕಲ್ಲ.

ಇಷ್ಟು ಬರೆದ ಮೇಲೆ, ಓದುಗರು ಕೇಳದಿದ್ದರೂ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಈ ರೋಗಿಗೆ ಅಪಧಮನಿಯ ರಕ್ತವೇ ಬೇಕೇ? ನನ್ನ ಮೌಲ್ಯಮಾಪನದ ಮೊದಲ ಪ್ರಶ್ನೆಯೂ ಇದೇ. ಸಕ್ಕರೆ ಕಾಯಿಲೆ ಉಲ್ಬಣಿಸಿ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಸ್ಥಿತಿ) ಆಗಿ ಬಂದ ಹುಡುಗನಿಗೆ ನಾವು ನೋಡಬೇಕಾದದ್ದು ಪಿಎಚ್ (ಆಮ್ಲೀಯತೆಯ ಅಳತೆ) ಮತ್ತು ಬೈಕಾರ್ಬನೇಟ್. ಅಭಿಧಮನಿಯ (ಹೃದಯಕ್ಕೆ ರಕ್ತ ಮರಳಿಸುವ ನಾಳದ) ರಕ್ತದಲ್ಲಿ ಪಿಎಚ್ ಸಾಮಾನ್ಯವಾಗಿ 0.03ರಷ್ಟು ಮಾತ್ರ ಕಡಿಮೆಯಿರುತ್ತದೆ, ಬೈಕಾರ್ಬನೇಟ್ ಬಹಳ ಹತ್ತಿರವಿರುತ್ತದೆ. ಇತರ ಪರೀಕ್ಷೆಗಳಿಗೆ ಹೇಗೂ ತೆಗೆಯುವ ರಕ್ತದಲ್ಲೇ ಅದು ಸಿಗುವಾಗ, ಗಂಟೆಗಂಟೆಗೂ ಮಣಿಕಟ್ಟು ಚುಚ್ಚಿ ಅವನನ್ನು ನೋಯಿಸುವ ಅಗತ್ಯವಿಲ್ಲ. “ಇಲ್ಲಿ ಚುಚ್ಚಬೇಕಾಗಿಲ್ಲ, ಡಾಕ್ಟರನ್ನು ಒಮ್ಮೆ ಕೇಳುತ್ತೇನೆ” ಎಂದು ಸೂಜಿ ಕೆಳಗಿಟ್ಟ ಅಭ್ಯರ್ಥಿಗೆ ನಾನು ಪೂರ್ಣ ಅಂಕ ಕೊಟ್ಟಿದ್ದೇನೆ.

ಆದರೆ ಆಮ್ಲಜನಕದ ಸ್ಥಿತಿ ತಿಳಿಯಬೇಕಿದ್ದರೆ ಅಭಿಧಮನಿಯ ರಕ್ತ ಕೆಲಸಕ್ಕೆ ಬಾರದು. ಡೈಆಕ್ಸೈಡ್ ಶೇಖರವಾಗುತ್ತಿರುವ ಸಿಒಪಿಡಿ (ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆ) ರೋಗಿಯಲ್ಲಿ ನಿಖರವಾದ ಸಂಖ್ಯೆ ಬೇಕಾದಾಗಲೂ ಅದನ್ನು ನೆಚ್ಚುವಂತಿಲ್ಲ, ಏಕೆಂದರೆ ಎರಡರ ನಡುವಿನ ಅಂತರ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಅಭಿಧಮನಿಯಿಂದ ತೆಗೆದಾಗ ಚೀಟಿಯ ಮೇಲೆ ‘ವೀನಸ್’ ಎಂದು ದೊಡ್ಡದಾಗಿ ಬರೆಯಿರಿ, ಯಂತ್ರದಲ್ಲೂ ಹಾಗೆಯೇ ನಮೂದಿಸಿರಿ. ರಕ್ತ ಯಾವ ನಾಳದ್ದೆಂದು ಯಂತ್ರ ತಾನಾಗಿ ಕಂಡುಹಿಡಿಯುವುದಿಲ್ಲ, ರಾತ್ರಿ ಪಾಳಿಯ ಡಾಕ್ಟರ್ ಆ ಕಾಗದವನ್ನು ಮಾತ್ರ ನೋಡಿ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ.