ಗ್ರಾಫಿಕ್ಸ್ ಕಾರ್ಡಿಗೆ ಬಿಸಿಲು ಬಡಿದಾಗ

ಮೇ ತಿಂಗಳು. ರಾಯಚೂರಿನಲ್ಲಿ ಮದುವೆ ಸೀಸನ್ ಜೋರಾಗಿತ್ತು. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ರಾತ್ರಿ ಹನ್ನೊಂದರ ಹೊತ್ತಿಗೆ ಅಕ್ಷತೆ ಬೀಳುವ ದೃಶ್ಯ ಜೋಡಿಸುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಮದುಮಗಳ ಮುಖದ ಮೇಲೆ ಹಸಿರು ಚೌಕಗಳು ಮೂಡಿದವು. ಫೈಲ್ ಕೆಟ್ಟಿರಬೇಕು ಅಂದುಕೊಂಡು ಎಲ್ಲ ಮುಚ್ಚಿದೆ. ಖಾಲಿ ಪರದೆಯ ಮೇಲೂ ಅವೇ ಚೌಕಗಳು. ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು.

ಮರುದಿನ ತೀನ್ ಕಂದೀಲ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಪರದೆಗೆ ಚಿತ್ರ ಕಳಿಸುವ ಬೋರ್ಡನ್ನು, ಬೆಳಕಿಗೆ ಹಿಡಿದು ನೋಡಿದ. "ಅಣ್ಣಾ, ಬಿಚ್ಚಿ ಹೀಟ್ ಹೊಡೆದು ನೋಡಾಮು. ಚಾಲೂ ಆಗ್ತದ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಮೂರು ವರ್ಷದ ವಾರಂಟಿಯಲ್ಲಿ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು. ಬೇಡ ಅಂದೆ. ಹೀಟ್ ಹೊಡೆಯುವುದು ಅಂದರೆ ಏನು, ಅದರಿಂದ ಏನಾಗುತ್ತದೆ ಅಂತ ಗೊತ್ತಿದ್ದರೆ ನೀವೂ ಬೇಡ ಅನ್ನುತ್ತೀರಿ.

ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್ಪಿಗೆ ಕಾಲುಗಳಿಲ್ಲ. ಅದರ ಅಡಿಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಸೋಲ್ಡರ್ (ಬೆಸುಗೆ ಲೋಹ) ಗುಂಡುಗಳಿರುತ್ತವೆ. ದೊಡ್ಡ ಚಿಪ್ಪಾದರೆ ಸಾವಿರಕ್ಕೂ ಜಾಸ್ತಿ. ವಿದ್ಯುತ್ತು, ಚಿತ್ರದ ಮಾಹಿತಿ ಎಲ್ಲ ಹಾದುಹೋಗುವುದು ಆ ಗುಂಡುಗಳ ಮೂಲಕ. ಪಕ್ಕದ ಮೆಮೊರಿ ಚಿಪ್‌ಗಳೂ ಹೀಗೇ ಕೂತಿರುತ್ತವೆ. ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಈ ಮೆಮೊರಿಗಳಿಗೆ ಹಂಚಿರುತ್ತಾರೆ. ಒಂದರ ಸಂಪರ್ಕ ತಪ್ಪಿದರೆ ಅದರ ಪಾಲಿನ ತುಂಡುಗಳಷ್ಟೇ ಕೆಡುತ್ತವೆ. ನಾನು ನೋಡಿದ ಹಸಿರು ಚೌಕಗಳು ಬಂದದ್ದು ಹಾಗೆ.

ಸಂಪರ್ಕ ಯಾಕೆ ತಪ್ಪುತ್ತದೆ? ಬಿಸಿಯಾದಾಗ ಎಲ್ಲವೂ ಹಿಗ್ಗುತ್ತದೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ಡಿಗ್ರಿ ಬಿಸಿ ಏರಿದರೆ ಸಿಲಿಕಾನ್ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗುತ್ತದೆ. ಗಾಜಿನ ನಾರಿನ ಹಸಿರು ಬೋರ್ಡು ಸುಮಾರು 15 ಪಾಲು ಹಿಗ್ಗುತ್ತದೆ. ಈ ಎರಡರ ಜಗ್ಗಾಟದಲ್ಲಿ ಸಿಕ್ಕಿಬೀಳುವುದು ನಡುವಿನ ಸೋಲ್ಡರ್. ದಿನಾ ಬಿಸಿಯಾಗಿ ದಿನಾ ತಣ್ಣಗಾಗುತ್ತದೆ. ಕಟ್ಟುವ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಒಂದು ದಿನ ಪಟ್ಟಂತ ತುಂಡಾಗುತ್ತದಲ್ಲ, ಹಾಗೆ ಕೂದಲೆಳೆಯ ಬಿರುಕು ಬಿಡುತ್ತದೆ. ಕೆಲಸದ ನಡುವೆ ಕರೆಂಟ್ ಹೋದರೆ ಇನ್ನೂ ಒಂದು ಸಲ ಬಗ್ಗಿಸಿದ ಹಾಗೆ.

ನಮ್ಮೂರಿನ ಬಿಸಿಲು ಇದಕ್ಕೆ ಹೇಗೆ ಸೇರುತ್ತದೆ ನೋಡಿ. 200 ವ್ಯಾಟ್ ಕಾರ್ಡು, ಅದರ ಬಿಸಿ ಹೊರಹಾಕಲು ಪ್ರತಿ ವ್ಯಾಟಿಗೆ 0.2 ಡಿಗ್ರಿ ಏರಲು ಬಿಡುವ ಕೂಲರ್ (ಕಾರ್ಡಿನ ಮೇಲಿನ ಲೋಹದ ಪಟ್ಟಿ, ಫ್ಯಾನ್) ಅಂತ ಇಟ್ಟುಕೊಳ್ಳಿ. ಪೂರ್ತಿ ಕೆಲಸ ಮಾಡುವಾಗ ಚಿಪ್ಪು ಕೋಣೆಯ ಗಾಳಿಗಿಂತ 40 ಡಿಗ್ರಿ ಮೇಲಿರುತ್ತದೆ. ಕೋಣೆ 25 ಇದ್ದರೆ ಚಿಪ್ಪು 65. ಮೇ ತಿಂಗಳಲ್ಲಿ ಆರ್‌ಸಿಸಿ ಛಾವಣಿಯ ಕೆಳಗೆ ಕೋಣೆ 40 ಮುಟ್ಟಿದರೆ ಚಿಪ್ಪು 80. ಎಷ್ಟೇ ಜೋರು ಫ್ಯಾನ್ ಇರಲಿ, ಅದು ಬೀಸುವುದು ಕೋಣೆಯ ಗಾಳಿಯನ್ನೇ. ಬಹಳ ಕಾರ್ಡುಗಳು 83 ಡಿಗ್ರಿಯ ಆಸುಪಾಸಿನಲ್ಲಿ ತಾವೇ ವೇಗ ಇಳಿಸಿಕೊಳ್ಳುತ್ತವೆ.

ಅದರ ಮೇಲೆ ಹತ್ತಿ. ರಾಯಚೂರು ಹತ್ತಿಯ ದೊಡ್ಡ ಮಾರುಕಟ್ಟೆ. ನನ್ನ ಕೋಣೆ ಜಿನ್ನಿಂಗ್ ಮಿಲ್ಲಿಗೆ ದೂರವಿಲ್ಲ. ಕಾರ್ಡಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಗೆ ಟಾರ್ಚ್ ಬಿಟ್ಟು ನೋಡಿದೆ. ಹತ್ತಿಯ ಎಳೆ ಮತ್ತು ಧೂಳು ಸೇರಿ ಕಂಬಳಿಯ ಚೂರಿನ ಹಾಗೆ ಹೆಣೆದುಕೊಂಡಿತ್ತು. ಬಿಸಿಗಾಳಿ ಹೊರಬರಲು ದಾರಿಯೇ ಇರಲಿಲ್ಲ. ಇದನ್ನು ತೆಗೆಯಲು ಸ್ಕ್ರೂ ಬಿಚ್ಚಬೇಕಿಲ್ಲ, ಹೊರಗಿನಿಂದ ಮೆತ್ತನೆಯ ಬ್ರಷ್ ಸಾಕು. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ಗರಗರ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಈಗ ಹೀಟ್ ಹೊಡೆಯುವ ವಿಷಯ, ಅಂದರೆ ಕಾರ್ಡನ್ನು ಬಿಸಿ ಮಾಡಿ ಬಿರುಕು ಬಿಟ್ಟ ಸೋಲ್ಡರ್ ಮತ್ತೆ ಕೂಡುವಂತೆ ಮಾಡಲು ನೋಡುವುದು. ಹಳೆಯ ಸೀಸ ಬೆರೆತ ಸೋಲ್ಡರ್ 183 ಡಿಗ್ರಿಗೆ ಕರಗುತ್ತಿತ್ತು. 2006ರ ಜುಲೈಯಿಂದ ಯುರೋಪಿನಲ್ಲಿ ಸೀಸಕ್ಕೆ ನಿರ್ಬಂಧ ಬಂತು. ತವರ, ಬೆಳ್ಳಿ, ತಾಮ್ರ ಬೆರೆಸಿದ ಸೋಲ್ಡರ್ ಜಗತ್ತಿನ ತುಂಬ ಬಳಕೆಗೆ ಬಂತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಮನೆಯ ಓವನ್‌ನಲ್ಲಿ 200ಕ್ಕೆ ಇಟ್ಟರೆ ಸೋಲ್ಡರ್ ಕರಗುವುದೇ ಇಲ್ಲ. ಆದರೂ ಕೆಲವು ಸಲ ಕಾರ್ಡು ಎದ್ದು ಕೂರುತ್ತದೆ. ಬಿಸಿಗೆ ಹಿಗ್ಗಿ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಾಕುತ್ತವೆ, ಅಷ್ಟೇ. ಕೆಲವು ವಾರದಲ್ಲಿ ಮತ್ತೆ ಅದೇ ಕಥೆ. ಅಷ್ಟರಲ್ಲಿ ಬೋರ್ಡು ಕಂದುಬಣ್ಣಕ್ಕೆ ತಿರುಗಿರುತ್ತದೆ, ಸ್ಟಿಕರ್ ಸುಕ್ಕಾಗಿರುತ್ತದೆ. ಸರ್ವಿಸ್ ಸೆಂಟರ್‌ನವರು ಲೆನ್ಸ್ ಹಿಡಿದು ಮೊದಲು ಹುಡುಕುವುದೇ ಇವನ್ನು. ತಾನಾಗಿ ಬಿಟ್ಟ ಸೋಲ್ಡರ್ ಬಿರುಕು ಹೊರಗೆ ಒಂದು ಗುರುತನ್ನೂ ಬಿಡುವುದಿಲ್ಲ. ವಾರಂಟಿ ಇರುವುದೇ ಅಂಥ ದೋಷಕ್ಕೆ. ನಾವು ಕೈ ಹಾಕಿದರೆ ಆ ಹಕ್ಕನ್ನು ನಮ್ಮ ಕೈಯಾರೆ ಸುಟ್ಟ ಹಾಗೆ.

ತಯಾರಕರಿಗೂ ಇದು ದುಬಾರಿಯಾಗಿದೆ. ಲ್ಯಾಪ್‌ಟಾಪ್ ಚಿಪ್‌ಗಳ ಜೋಡಣೆಯಲ್ಲಿ ಬಳಸಿದ ವಸ್ತು ದುರ್ಬಲವಾಗಿದೆ ಅಂತ 2008ರ ಜುಲೈನಲ್ಲಿ ಎನ್‌ವಿಡಿಯಾ ಒಪ್ಪಿಕೊಂಡಿತು. ವಾರಂಟಿ, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು.

ನನ್ನ ಕಾರ್ಡು ಹೈದರಾಬಾದಿನಲ್ಲಿ ಕೊಂಡದ್ದು. ಬಿಲ್ ಹುಡುಕಿ ತೆಗೆದರೆ ಅಕ್ಷರಗಳೇ ಇಲ್ಲ! ಅಂಗಡಿಯ ಚಿಕ್ಕ ಬಿಲ್‌ಗಳಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ಲೇಪಕ್ಕೆ ಬಿಸಿ ತಾಕಿದಾಗ ಅದು ಕಪ್ಪಾಗುತ್ತದೆ, ಅದೇ ಅಕ್ಷರ. ಬಿಸಿಲಿಗೆ ಅದು ಮಾಸುತ್ತದೆ. ಪಿವಿಸಿ ಕವರ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತುವಿಗೂ ಮಾಸುತ್ತದೆ. ನಾನು ಜೋಪಾನ ಅಂತ ಇಟ್ಟದ್ದು ಅಂಥ ಕವರಿನಲ್ಲೇ. ಅಂಗಡಿಯವರು ನನ್ನ ಫೋನ್ ನಂಬರ್ ಹಾಕಿ ಹುಡುಕಿ ವಾಟ್ಸಾಪ್‌ನಲ್ಲಿ ಬಿಲ್ ಕಳಿಸಿದರು. ನೀವು ಕೊಂಡ ದಿನವೇ ಬಿಲ್ಲಿನ ಫೋಟೋ ತೆಗೆದಿಡಿ.

ಸರ್ವಿಸ್ ಸೆಂಟರ್‌ಗೆ ಕಳಿಸಲು ಪ್ಯಾಕ್ ಮಾಡುವ ಮೊದಲು ಕಾರ್ಡಿನ ಫೋಟೋಗಳನ್ನೂ ತೆಗೆದೆ. ಎರಡೂ ಮುಖ, ಸೀರಿಯಲ್ ನಂಬರ್, ಸ್ಕ್ರೂ ಮೇಲಿನ ಸ್ಟಿಕರ್, ಕಂಪ್ಯೂಟರಿಗೆ ಸಿಕ್ಕಿಸುವ ಚಿನ್ನದ ಲೇಪದ ಅಂಚು. ಆ ಅಂಚಿನ ಫೋಟೋನೇ ಕೊನೆಗೆ ನನ್ನನ್ನು ಉಳಿಸಿತು. ಹತ್ತು ದಿನದ ಮೇಲೆ ಸರ್ವಿಸ್ ಸೆಂಟರ್‌ನಿಂದ ಮೇಲ್ ಬಂತು: ಅಂಚಿನಲ್ಲಿ ಗೀರು ಇದೆ, ವಾರಂಟಿ ಅನ್ವಯಿಸುವುದಿಲ್ಲ. ಹೊಟ್ಟೆಯಲ್ಲಿ ಸಂಕಟ ಆಯಿತು. ನಾನು ಕಳಿಸಿದಾಗ ಆ ಅಂಚು ಕನ್ನಡಿಯ ಹಾಗಿತ್ತು. ತಾರೀಖು ಇರುವ ಫೋಟೋ, ಪ್ಯಾಕ್ ಮಾಡಿದ ವಿಡಿಯೋ ಎರಡನ್ನೂ ಕಳಿಸಿದೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ.

ಇಲ್ಲೊಂದು ಮಾತು ನಮ್ಮ ಭಾಗದವರಿಗೆ ಗೊತ್ತಿರಲೇಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹೈದರಾಬಾದಿನಲ್ಲಿ ಕೊಂಡ ವಸ್ತುವಿಗೆ ರಾಯಚೂರಿನಲ್ಲಿ ಕೇಸು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನನಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಆರನೇ ದಿನ ಬದಲಿ ಕಾರ್ಡು ಕಳಿಸುತ್ತೇವೆ ಅಂತ ಮೇಲ್ ಬಂತು.

ಬಂದ ಕಾರ್ಡು ಅದೇ ಮಾಡೆಲ್, ಸೀರಿಯಲ್ ನಂಬರ್ ಬೇರೆ. ಬದಲಿ ಕಾರ್ಡಿಗೆ ಸಾಮಾನ್ಯವಾಗಿ ಹೊಸದಾಗಿ ಮೂರು ವರ್ಷ ಸಿಗುವುದಿಲ್ಲ, ಹಳೆಯದರಲ್ಲಿ ಉಳಿದ ಅವಧಿಯೇ ಮುಂದುವರಿಯುತ್ತದೆ. ಹಳೆಯ ಬಿಲ್ಲಿನಲ್ಲಿ ಹಳೆಯ ನಂಬರ್ ಇರುವುದರಿಂದ ಮುಂದೆ ತಕರಾರು ಬರಬಾರದಲ್ಲ, ಅದಕ್ಕೆ ಅವರ ಮೇಲ್ ಪ್ರಿಂಟ್ ತೆಗೆಸಿ ಬಿಲ್ಲಿನ ಜೆರಾಕ್ಸಿಗೆ ಪಿನ್ ಹೊಡೆದಿಟ್ಟೆ. ಈ ಸಲ ಕಾಗದದ ಲಕೋಟೆಯಲ್ಲಿ.