‘ಚರ್ಚೆ ಗೆದ್ದವರು ಯಾರು?’: ಅಮೆರಿಕದ ಅಧ್ಯಕ್ಷೀಯ ಚರ್ಚೆಯ ಮರುದಿನದ ಸಮೀಕ್ಷೆ ಓದುವ ಕ್ರಮ

2024ರ ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರು ನಿಂತು ಚರ್ಚಿಸಿದರು. ಟಿವಿಯಲ್ಲಿ ನೋಡಿದವರು ಸುಮಾರು 6.7 ಕೋಟಿ ಜನ. ಹಾಗೆ ನೋಡಿದ ನೋಂದಾಯಿತ ಮತದಾರರ ಒಂದು ಗುಂಪನ್ನು ಸಿಎನ್‌ಎನ್ ಅಂದೇ ರಾತ್ರಿ ಕೇಳಿತು. ಹ್ಯಾರಿಸ್ ಗೆದ್ದರು ಎಂದವರು ಶೇ. 63, ಟ್ರಂಪ್ ಎಂದವರು ಶೇ. 37. ಅದೇ ಜನರಿಗೆ, ಆರ್ಥಿಕತೆಯ ವಿಷಯದಲ್ಲಿ ಯಾರ ಮೇಲೆ ಹೆಚ್ಚು ನಂಬಿಕೆ ಎಂದು ಕೇಳಿದರೆ ಟ್ರಂಪ್‌ಗೆ 55, ಹ್ಯಾರಿಸ್‌ಗೆ 35. ಈ ಚರ್ಚೆಯಿಂದ ನಿಮ್ಮ ಮತ ಬದಲಾಯಿತೇ ಎಂಬ ಪ್ರಶ್ನೆಗೆ ಶೇ. 82 ಜನ ಏನೂ ಪರಿಣಾಮವಿಲ್ಲ ಎಂದರು. ಶೇ. 14 ಜನ ಮರುಯೋಚನೆ ಮಾಡಿದೆವು, ಆದರೆ ಮತ ಬದಲಾಗಲಿಲ್ಲ ಎಂದರು. ಬದಲಾಯಿತು ಎಂದವರು ಶೇ. 4 ಮಾತ್ರ. ನವೆಂಬರ್ 5ರಂದು ಗೆದ್ದದ್ದು ಟ್ರಂಪ್.

ಒಂದೇ ಸಮೀಕ್ಷೆ, ಅದೇ ಜನ, ಮೂರು ಪ್ರಶ್ನೆ, ಮೂರು ದಿಕ್ಕಿನ ಉತ್ತರ. ಈ ಪಾಠದಲ್ಲಿ ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಇಲ್ಲೇ: ಮೊದಲ ಪ್ರಶ್ನೆಯ ಉತ್ತರವನ್ನು ಮೂರನೆಯದರ ಉತ್ತರ ಎಂದು ಬರೆದುಬಿಡುತ್ತಾರೆ. ಚರ್ಚೆ ಚೆನ್ನಾಗಿ ಮಾಡಿದವರು ಯಾರು ಎಂಬುದು ಆ ತೊಂಬತ್ತು ನಿಮಿಷದ ಬಗ್ಗೆ ಕೊಡುವ ತೀರ್ಪು. ಮತ ಯಾರಿಗೆ ಎಂಬುದರಲ್ಲಿ ಪಕ್ಷನಿಷ್ಠೆ, ದಿನಸಿಯ ಬೆಲೆ, ಹಿಂದಿನ ನಾಲ್ಕು ವರ್ಷದ ಅನುಭವ ಎಲ್ಲ ಸೇರಿರುತ್ತವೆ. 1984ರಲ್ಲಿ ಲೂಯಿವಿಲ್‌ನ ಮೊದಲ ಚರ್ಚೆ ವಾಲ್ಟರ್ ಮಾಂಡೇಲ್ ಪಾಲಾಯಿತು, ಚುನಾವಣೆಯಲ್ಲಿ ರೇಗನ್ 49 ರಾಜ್ಯ ಗೆದ್ದರು. 2004ರಲ್ಲಿ ಜಾನ್ ಕೆರಿ, 2016ರಲ್ಲಿ ಹಿಲರಿ ಕ್ಲಿಂಟನ್ ಚರ್ಚೆಯ ಸಮೀಕ್ಷೆಗಳಲ್ಲಿ ಮುಂದಿದ್ದರು, ಅಧ್ಯಕ್ಷರಾಗಲಿಲ್ಲ.

ನಿರೀಕ್ಷೆಯನ್ನು ಮೊದಲು ಅಳೆಯಿರಿ

ಚರ್ಚೆಗೆ ಮುನ್ನವೇ ಅದೇ ಜನರನ್ನು ‘ಯಾರು ಚೆನ್ನಾಗಿ ಮಾಡಬಹುದು’ ಎಂದು ಕೇಳಿಟ್ಟಿದ್ದರೆ ಮಾತ್ರ ನಂತರದ ಸಂಖ್ಯೆಗೆ ಅರ್ಥ ಬರುತ್ತದೆ. 2024ರ ಜೂನ್ 27ರ ಅಟ್ಲಾಂಟಾ ಚರ್ಚೆಗೆ ಮುಂಚೆ ಸಿಎನ್‌ಎನ್ ಗುಂಪಿನಲ್ಲಿ ಟ್ರಂಪ್ ಮೇಲುಗೈ ಸಾಧಿಸುತ್ತಾರೆ ಎಂದವರು 55, ಬೈಡನ್ ಎಂದವರು 45. ಮುಗಿದ ಮೇಲೆ 67–33. ಅಂದರೆ ಬೈಡನ್ ನಿರೀಕ್ಷೆಗಿಂತ 12 ಅಂಶ ಕೆಳಗೆ ಬಿದ್ದರು. ಸೆಪ್ಟೆಂಬರಿನಲ್ಲಿ ನಿರೀಕ್ಷೆ 50–50 ಇತ್ತು, ಹ್ಯಾರಿಸ್ 13 ಅಂಶ ಮೇಲೆ ಹೋದರು. ಬರೀ 67 ಮತ್ತು 63 ನೋಡಿದರೆ ಈ ಏರಿಳಿತ ಕಾಣುವುದಿಲ್ಲ.

ಜೂನ್ ಚರ್ಚೆಯ ಬಗ್ಗೆ ಇನ್ನೊಂದು ಮಾತು. ಅಲ್ಲಿಯೂ ಮತ ಬದಲಿಸಿದೆ ಎಂದವರು ಶೇ. 5 ಅಷ್ಟೇ. ಆದರೂ 24 ದಿನಗಳಲ್ಲಿ, ಜುಲೈ 21ರಂದು, ಬೈಡನ್ ಕಣದಿಂದ ಹಿಂದೆ ಸರಿದರು. ಅವರನ್ನು ಸರಿಸಿದ್ದು ಮತದಾರರ ವಲಸೆಯಲ್ಲ. ಈ ವಯಸ್ಸಿನಲ್ಲಿ ಆಗುತ್ತದೆಯೇ ಎಂದು ಮೊದಲೇ ಇದ್ದ ಅನುಮಾನ ಎಲ್ಲರ ಕಣ್ಣೆದುರು ಗಟ್ಟಿಯಾಯಿತು, ಸ್ವಂತ ಪಕ್ಷದ ಸಂಸದರೂ ದೇಣಿಗೆದಾರರೂ ಕೈಬಿಟ್ಟರು. ಚರ್ಚೆಯ ಪರಿಣಾಮವನ್ನು ಮತದ ಶೇಕಡಾವಾರಿನಲ್ಲಷ್ಟೇ ಹುಡುಕಿದರೆ ಇಂಥದ್ದು ಕೈತಪ್ಪುತ್ತದೆ.

ಸಂಖ್ಯೆ ಯಾವ ಜರಡಿಯಿಂದ ಬಂತು

ತಕ್ಷಣದ ಸಮೀಕ್ಷೆ ಎಂದರೆ ದಾರಿಹೋಕರನ್ನು ಹಿಡಿದು ಕೇಳುವುದಲ್ಲ. ಸಂಭವನೀಯತೆಯ ಆಧಾರದಲ್ಲಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಒಂದು ಕಾಯಂ ಗುಂಪಿರುತ್ತದೆ. ಅದರಲ್ಲಿ ‘ಚರ್ಚೆ ನೋಡುತ್ತೇನೆ, ಆಮೇಲೆ ಉತ್ತರಿಸುತ್ತೇನೆ’ ಎಂದು ಒಪ್ಪಿದವರನ್ನು ಮೊದಲೇ ಗುರುತು ಮಾಡಿಕೊಂಡು, ಚರ್ಚೆ ಮುಗಿದೊಡನೆ ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಹಾಗಾಗಿ ಇದು ‘ಅಮೆರಿಕದ ಮತದಾರರ’ ಅಭಿಪ್ರಾಯವಲ್ಲ, ‘ಚರ್ಚೆ ನೋಡಿದ ಮತದಾರರ’ ಅಭಿಪ್ರಾಯ. ಉತ್ತರಪತ್ರಿಕೆಯಲ್ಲಿ ಈ ಒಂದು ಪದ ಬಿಡಬೇಡಿ. ಒಂದು ಪಕ್ಷದವರು ಹೆಚ್ಚಾಗಿ ನೋಡಿದ ರಾತ್ರಿ ಫಲಿತಾಂಶವೂ ಆ ಕಡೆ ವಾಲುತ್ತದೆ, ಆದ್ದರಿಂದ ನೋಡಿದವರಲ್ಲಿ ಡೆಮಾಕ್ರಟರೆಷ್ಟು, ರಿಪಬ್ಲಿಕನ್ನರೆಷ್ಟು ಎಂಬ ಸಾಲನ್ನು ಹುಡುಕಿ ಓದಬೇಕು.

ಜಾಲತಾಣದಲ್ಲಿ ಬಟನ್ ಒತ್ತುವ ‘ಪೋಲ್’ ಬೇರೆಯೇ ಜಾತಿ. ಅಲ್ಲಿ ಮಾದರಿ ಆಯ್ಕೆಯೇ ಇಲ್ಲ, ಬೇಕಾದವರು ಬಂದು ಒತ್ತುತ್ತಾರೆ. 2016ರ ಸೆಪ್ಟೆಂಬರ್ 26ರ ಚರ್ಚೆಯ ನಂತರ ಇಂಥ ಹಲವು ಪೋಲ್‌ಗಳಲ್ಲಿ ಟ್ರಂಪ್ ಗೆದ್ದಿದ್ದರು. ಸಿಎನ್‌ಎನ್‌ನ ಮಾದರಿ ಸಮೀಕ್ಷೆಯಲ್ಲಿ ಕ್ಲಿಂಟನ್ 62, ಟ್ರಂಪ್ 27. ಇದು ಅಂತರ್ಜಾಲದಿಂದ ಹುಟ್ಟಿದ ರೋಗವಲ್ಲ. 1980ರ ಅಕ್ಟೋಬರ್ 28ರಂದು ಕಾರ್ಟರ್–ರೇಗನ್ ಚರ್ಚೆ ಮುಗಿದಾಗ ಎಬಿಸಿ ವಾಹಿನಿ ಫೋನ್ ಮತದಾನ ನಡೆಸಿತ್ತು, ಒಂದು ಕರೆಗೆ 50 ಸೆಂಟ್. ಸುಮಾರು ಏಳು ಲಕ್ಷ ಕರೆಗಳು ಬಂದು, ರೇಗನ್‌ಗೆ ಎರಡಕ್ಕೆ ಒಂದರ ಮುನ್ನಡೆ ಸಿಕ್ಕಿತು. ಅದೇ ಚರ್ಚೆಯ ಬಗ್ಗೆ ಸಿಬಿಎಸ್ ನಡೆಸಿದ ಮಾದರಿ ಸಮೀಕ್ಷೆಯಲ್ಲಿ ರೇಗನ್ ಮುಂದಿದ್ದರೂ ಅಂತರ ಬಹಳ ಕಿರಿದು. ಏಳು ಲಕ್ಷ ಎಂಬ ದೊಡ್ಡ ಸಂಖ್ಯೆ ವಾಲಿಕೆಯನ್ನು ಸರಿಪಡಿಸುವುದಿಲ್ಲ. ದುಡ್ಡು ಕೊಟ್ಟು ಕರೆ ಮಾಡುವಷ್ಟು ಹುರುಪು ಯಾರಿಗಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ.

ಇನ್ನು ಪರದೆಯ ಕೆಳಗೆ ಹರಿದಾಡುವ ಗೆರೆ. ಇಪ್ಪತ್ತು ಮೂವತ್ತು ಮತದಾರರ ಕೈಗೆ ತಿರುಗಿಸುವ ಗುಂಡಿ ಕೊಟ್ಟು, ಮಾತು ಹಿಡಿಸಿದಾಗ ಮೇಲಕ್ಕೆ, ಹಿಡಿಸದಿದ್ದಾಗ ಕೆಳಕ್ಕೆ ತಿರುಗಿಸಲು ಹೇಳುತ್ತಾರೆ. ಯಾವ ವಾಕ್ಯಕ್ಕೆ ಜನ ಮುಖ ತಿರುಗಿಸಿದರು ಎಂದು ಕ್ಷಣಕ್ಷಣಕ್ಕೆ ತಿಳಿಯಲು ಇದು ಒಳ್ಳೆಯ ಸಾಧನ. ದೇಶದ ಅಭಿಪ್ರಾಯಕ್ಕೆ ಸಾಕ್ಷಿಯಾಗಲು ಇಷ್ಟು ಜನ ಸಾಲದು. ಅದಕ್ಕಿಂತ ಗಂಭೀರ ದೋಷ ಇನ್ನೊಂದಿದೆ: ಗೆರೆ ನೋಡುವವರೂ ಗೆರೆಯ ಹಿಂದೆ ಹೋಗುತ್ತಾರೆ. 2010ರ ಬ್ರಿಟನ್ ಚುನಾವಣಾ ಚರ್ಚೆಯನ್ನು ಬಳಸಿ 150 ಜನರ ಮೇಲೆ ಸಂಶೋಧಕರು ಪ್ರಯೋಗ ಮಾಡಿದರು. ಒಬ್ಬ ನಾಯಕನ ಪರವಾಗಿ ತಿದ್ದಿದ ಗೆರೆ ತೋರಿಸಿದಾಗ ‘ಗೆದ್ದವರು ಯಾರು’ ಎಂಬ ಉತ್ತರ ಆ ಕಡೆಗೇ ಸರಿಯಿತು.

ಲೆಕ್ಕ: 605 ಜನ ನಿಜಕ್ಕೂ ಎಷ್ಟು ಜನ?

ಸೆಪ್ಟೆಂಬರ್ ಸಮೀಕ್ಷೆಯಲ್ಲಿ ಉತ್ತರಿಸಿದವರು 605, ದೋಷಮಿತಿ (ನಿಜವಾದ ಸಂಖ್ಯೆ ಎಷ್ಟು ಅಂಶ ಅತ್ತಿತ್ತ ಇರಬಹುದು ಎಂಬ ಅಂದಾಜು) ±5.3. ಸರಳ ಯಾದೃಚ್ಛಿಕ ಮಾದರಿಯಾಗಿದ್ದರೆ ಶೇ. 95 ವಿಶ್ವಾಸಮಟ್ಟದಲ್ಲಿ ದೋಷಮಿತಿ = 98 ÷ √605 = 98 ÷ 24.6, ಅಂದರೆ ಸುಮಾರು 4 (98 ಎಂಬುದು ಆ ವಿಶ್ವಾಸಮಟ್ಟಕ್ಕೆ ಬಳಸುವ 1.96 × 50). ಪ್ರಕಟಿಸಿದ್ದು 5.3 ಏಕೆ? ಉತ್ತರಿಸಿದವರು ಜನಸಂಖ್ಯೆಯ ಪಡಿಯಚ್ಚಾಗಿರುವುದಿಲ್ಲ. ವಯಸ್ಸು, ಶಿಕ್ಷಣ, ಜನಾಂಗ, ಪಕ್ಷ ಇವುಗಳಿಗೆ ಸರಿಹೊಂದುವಂತೆ ಕೆಲವರ ಉತ್ತರಕ್ಕೆ ಹೆಚ್ಚು ತೂಕ, ಕೆಲವರದಕ್ಕೆ ಕಡಿಮೆ ತೂಕ ಕೊಡುತ್ತಾರೆ. ಹಾಗೆ ತೂಕ ಕಟ್ಟಿದಷ್ಟೂ ಅನಿಶ್ಚಿತತೆ ಹೆಚ್ಚುತ್ತದೆ. ಸೂತ್ರವನ್ನು ತಿರುಗಿಸಿ ಹಾಕಿ: (98 ÷ 5.3)² = ಸುಮಾರು 342. ಅಂದರೆ ಈ 605 ಜನರ ಸಮೀಕ್ಷೆಗೆ 342 ಜನರ ಸರಳ ಮಾದರಿಯಷ್ಟೇ ಬಲ.

ಎರಡು ಸಂಖ್ಯೆಗಳ ಅಂತರಕ್ಕೆ ದೋಷಮಿತಿ ಹೆಚ್ಚುಕಡಿಮೆ ಇಮ್ಮಡಿ, ಇಲ್ಲಿ 10.6. ಹ್ಯಾರಿಸ್ ಮುನ್ನಡೆ 26 ಅಂಶ. ಆದ್ದರಿಂದ ‘ನೋಡಿದವರ ಕಣ್ಣಲ್ಲಿ ಹ್ಯಾರಿಸ್ ಗೆದ್ದರು’ ಎಂದು ಧೈರ್ಯವಾಗಿ ಬರೆಯಬಹುದು. ಆದರೆ ಇದೇ ಸಮೀಕ್ಷೆಯಿಂದ ಪಕ್ಷೇತರ ಮನಸ್ಸಿನ ಮತದಾರರನ್ನು ಬೇರ್ಪಡಿಸಿ ಸುದ್ದಿ ಮಾಡುವವರ ಬಗ್ಗೆ ಎಚ್ಚರ. ಅವರು ಕಾಲು ಭಾಗ ಎಂದುಕೊಂಡರೆ ಬಲ ಸುಮಾರು 85 ಜನರದ್ದು, ದೋಷಮಿತಿ ±10.6. ಆ ಉಪಗುಂಪಿನಲ್ಲಿ 52–48 ಎಂಬುದು ಏನನ್ನೂ ಹೇಳುವುದಿಲ್ಲ.

ರಾತ್ರಿಯ ಉತ್ತರ, ಮರುಸಂಜೆಯ ಉತ್ತರ

1976ರ ಅಕ್ಟೋಬರ್ 6, ಸ್ಯಾನ್ ಫ್ರಾನ್ಸಿಸ್ಕೊ. ಪೂರ್ವ ಯುರೋಪಿನ ಮೇಲೆ ಸೋವಿಯತ್ ಯಜಮಾನಿಕೆ ಇಲ್ಲ ಎಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹೇಳಿದರು. ಪ್ರಶ್ನೆ ಕೇಳಿದ್ದ ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್ ಇನ್ನೊಮ್ಮೆ ಕೆದಕಿ ತಿದ್ದಿಕೊಳ್ಳಲು ಅವಕಾಶ ಕೊಟ್ಟರೂ ಫೋರ್ಡ್ ಅದೇ ಮಾತಿಗೆ ಅಂಟಿಕೊಂಡರು. ಆ ರಾತ್ರಿಯೇ ಫೋರ್ಡ್ ಪಾಳಯದ ಸಮೀಕ್ಷಕ ರಾಬರ್ಟ್ ಟೀಟರ್ ತಂಡ ಫೋನ್ ಮಾಡಿದಾಗ ನೋಡಿದವರಲ್ಲಿ ಫೋರ್ಡ್ ಮುಂದಿದ್ದರು! ಮರುದಿನವೂ ತಂಡ ಕರೆ ಮಾಡುತ್ತಲೇ ಹೋಯಿತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಹೊತ್ತು ಸರಿದಂತೆ ಉತ್ತರ ತಲೆಕೆಳಗಾಗಿ, ಸಂಜೆಗೆ ಎದುರಾಳಿ ಕಾರ್ಟರ್ ಭಾರಿ ಅಂತರದಿಂದ ಗೆದ್ದರು ಎಂಬಲ್ಲಿಗೆ ಬಂತು.

ನಡುವೆ ಚರ್ಚೆ ಬದಲಾಗಲಿಲ್ಲ, ಸುದ್ದಿ ಬಂತು. ರಾತ್ರಿ ಕೇಳಿದಾಗ ಹೆಚ್ಚಿನವರು ಆ ವಾಕ್ಯವನ್ನು ತಪ್ಪು ಎಂದು ಗುರುತಿಸಿರಲೇ ಇಲ್ಲ. ಮರುದಿನ ಟಿವಿಯೂ ಪತ್ರಿಕೆಗಳೂ ಅದನ್ನೇ ಎತ್ತಿ ತೋರಿಸಿದ ಮೇಲೆ, ನೋಡಿದ್ದ ಚರ್ಚೆಯನ್ನೇ ಜನ ಬೇರೆ ರೀತಿಯಲ್ಲಿ ನೆನಪಿಸಿಕೊಂಡರು. ನಮ್ಮ ಅಭಿಪ್ರಾಯದಲ್ಲಿ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2000ದ ಅಕ್ಟೋಬರ್ 3ರ ಬಾಸ್ಟನ್ ಚರ್ಚೆಯೂ ಇದೇ ದಾರಿ ಹಿಡಿಯಿತು: ಗ್ಯಾಲಪ್ ಸಮೀಕ್ಷಾ ಸಂಸ್ಥೆಯ ಆ ರಾತ್ರಿಯ ಸಂಖ್ಯೆ ಗೋರ್ 48, ಬುಷ್ 41. ಆಮೇಲೆ ದಿನಗಟ್ಟಲೆ ಮರುಪ್ರಸಾರವಾದದ್ದು ಗೋರ್ ಬಿಟ್ಟ ನಿಟ್ಟುಸಿರುಗಳು. ಆದ್ದರಿಂದ ಯಾವ ಸಂಖ್ಯೆ ಬರೆದರೂ ಅದರ ಪಕ್ಕದಲ್ಲಿ ‘ಚರ್ಚೆ ಮುಗಿದು ಎಷ್ಟು ಗಂಟೆಗೆ’ ಎಂದು ಬರೆದುಕೊಳ್ಳಿ.

ಡೆನ್ವರ್ 2012: ಬದಲಾದದ್ದು ಮತವೋ, ಉತ್ತರಿಸುವವರೋ?

ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ಒಬಾಮಾ ಸಪ್ಪೆಯಾಗಿದ್ದರು. ಗ್ಯಾಲಪ್ ಪ್ರಕಾರ ಎದುರಾಳಿ ಮಿಟ್ ರೋಮ್ನಿ ಗೆದ್ದರೆಂದವರು ಶೇ. 72, ಒಬಾಮಾ ಎಂದವರು ಶೇ. 20. ಮುಂದಿನ ವಾರದ ಸಾಮಾನ್ಯ ಸಮೀಕ್ಷೆಗಳಲ್ಲೂ ರೋಮ್ನಿ ಏರಿದರು. ಲಕ್ಷಾಂತರ ಜನ ಮನಸ್ಸು ಬದಲಿಸಿದರೇ?

ಆಂಡ್ರ್ಯೂ ಗೆಲ್ಮನ್ ಮತ್ತು ಮೂವರು ಸಹಸಂಶೋಧಕರು ಎಕ್ಸ್‌ಬಾಕ್ಸ್ ಆಟದ ಯಂತ್ರದ ಮೂಲಕ ಚುನಾವಣೆಗೆ ಮುಂಚಿನ 45 ದಿನಗಳಲ್ಲಿ ಸುಮಾರು 3.45 ಲಕ್ಷ ಜನರಿಂದ ಪಡೆದ 7.5 ಲಕ್ಷ ಉತ್ತರಗಳನ್ನು ಪರೀಕ್ಷಿಸಿದರು. ಆ ಗುಂಪಿನಲ್ಲಿ ಶೇ. 93 ಗಂಡಸರು, ಹೆಚ್ಚಿನವರು 30ರ ಒಳಗಿನವರು. ಹಾಗಿದ್ದರೂ ಅವರವರ ಪಕ್ಷ ಮತ್ತು ಹಿಂದಿನ ಮತ ಗೊತ್ತಿದ್ದುದರಿಂದ ತೂಕ ಕಟ್ಟಿ ಸರಿದೂಗಿಸಲು ಸಾಧ್ಯವಾಯಿತು. ಹಾಗೆ ಮಾಡಿದೊಡನೆ ಡೆನ್ವರ್‌ನ ದೊಡ್ಡ ಏರಿಕೆಯ ಬಹುಪಾಲು ಕರಗಿಹೋಯಿತು.

ಕಾರಣವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಿ. ‘ಅ’ ಬೆಂಬಲಿಗರು 500, ‘ಬ’ ಬೆಂಬಲಿಗರು 500. ಎರಡೂ ಕಡೆ ನೂರಕ್ಕೆ ಹತ್ತು ಜನ ಉತ್ತರಿಸಿದರೆ 50 ಮತ್ತು 50, ಸಮೀಕ್ಷೆ ಸಮಸಮ. ಚರ್ಚೆಯಲ್ಲಿ ‘ಅ’ ಸೋತರು. ಅವರ ಬೆಂಬಲಿಗರಿಗೆ ಬೇಸರ, ಸಮೀಕ್ಷೆಯ ಕರೆ ಬಂದರೆ ಎತ್ತುವ ಮನಸ್ಸಿಲ್ಲ, ನೂರಕ್ಕೆ ಎಂಟೇ ಜನ ಉತ್ತರಿಸುತ್ತಾರೆ. ಈಗ 40 ಮತ್ತು 50. ಶೇಕಡಾವಾರು 44.4 ಮತ್ತು 55.6. ಒಂದೇ ಒಂದು ಮತ ಅತ್ತಿತ್ತ ಹೋಗದೆ 11 ಅಂಶದ ‘ಅಲೆ’ ಹುಟ್ಟಿತು. ಎರಡು ವಾರದಲ್ಲಿ ಬೇಸರ ಕಳೆದಾಗ ಅಲೆಯೂ ಇಳಿಯುತ್ತದೆ. ಚರ್ಚೆಯ ನಂತರದ ಸಮೀಕ್ಷೆಯಲ್ಲಿ ‘ಕಳೆದ ಚುನಾವಣೆಯಲ್ಲಿ ಯಾರಿಗೆ ಮತ ಹಾಕಿದಿರಿ’ ಎಂಬುದಕ್ಕೂ ತೂಕ ಕಟ್ಟಿದ್ದಾರೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಕೆನಡಿ, ನಿಕ್ಸನ್ ಮತ್ತು ರೇಡಿಯೊ

1960ರ ಸೆಪ್ಟೆಂಬರ್ 26ರ ಷಿಕಾಗೊ ಚರ್ಚೆಯನ್ನು ಟಿವಿಯಲ್ಲಿ ನೋಡಿದವರು ಕೆನಡಿ ಗೆದ್ದರೆಂದರು, ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಎಂದರು. ಇದು ಪಠ್ಯಪುಸ್ತಕಗಳಲ್ಲೆಲ್ಲ ಇರುವ ಮಾತು. ಇದರ ಬೇರು ಸಿಂಡ್ಲಿಂಗರ್ ಎಂಬ ಸಂಸ್ಥೆಯ ಸಮೀಕ್ಷೆ. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ರೇಡಿಯೊ ಕೇಳಿದವರು 282, ಗೆದ್ದವರು ಯಾರೆಂದು ಹೇಳಿದವರು 178. ರಾಜ್ಯಕ್ಕೆ ನಾಲ್ಕು ಜನವೂ ಇಲ್ಲ. ಮೇಲಾಗಿ ಟಿವಿ ಇಲ್ಲದೆ ರೇಡಿಯೊ ಕೇಳುತ್ತಿದ್ದ ಮನೆಗಳು ಹೆಚ್ಚಾಗಿದ್ದದ್ದು ಹಳ್ಳಿಗಾಡಿನಲ್ಲಿ, ಅವರಲ್ಲಿ ಎಷ್ಟೋ ಜನ ಮೊದಲಿನಿಂದಲೂ ನಿಕ್ಸನ್ ಕಡೆಯವರಿರಬಹುದು. ಈ ದೋಷಗಳನ್ನು 1987ರಲ್ಲಿ ವ್ಯಾನ್ಸಿಲ್ ಮತ್ತು ಪೆಂಡೆಲ್ ಎತ್ತಿ ತೋರಿಸಿದರು. ಹಾಗೆಂದು ಚಿತ್ರಕ್ಕೆ ಬಲವಿಲ್ಲ ಎಂದಲ್ಲ. 2003ರಲ್ಲಿ ಜೇಮ್ಸ್ ಡ್ರಕ್ಮನ್ ಪ್ರಕಟಿಸಿದ ಪ್ರಯೋಗದಲ್ಲಿ 171 ಜನರಲ್ಲಿ ಕೆಲವರಿಗೆ ಅದೇ ಚರ್ಚೆಯ ದೃಶ್ಯ, ಕೆಲವರಿಗೆ ಧ್ವನಿ ಮಾತ್ರ ಕೊಟ್ಟಾಗ, ದೃಶ್ಯ ನೋಡಿದವರು ಕೆನಡಿ ಕಡೆ ಹೆಚ್ಚು ವಾಲಿದರು. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಎರಡನ್ನೂ ಬರೆಯಿರಿ.

ಮುಂದಿನ ಚರ್ಚೆ ನೋಡುವಾಗ

ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9 ಗಂಟೆ ಎಂದರೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ನಮ್ಮಲ್ಲಿ ಮರುದಿನ ಬೆಳಗ್ಗೆ 6:30. ಚರ್ಚೆ ಮುಗಿಯುವುದು ಎಂಟರ ಹೊತ್ತಿಗೆ. ಮುಗಿದ ಕೂಡಲೇ, ವಿಶ್ಲೇಷಕರು ಬಾಯಿ ತೆರೆಯುವ ಮುಂಚೆ ಟಿವಿ ಆರಿಸಿ, ನಿಮ್ಮ ಸ್ವಂತ ತೀರ್ಪನ್ನು ಹಾಳೆಯ ಮೇಲೆ ಬರೆಯಿರಿ: ಗೆದ್ದವರು ಯಾರು, ಯಾವ ವಾಕ್ಯಕ್ಕೆ. ಸಂಜೆ ಸುದ್ದಿಗಳನ್ನೆಲ್ಲ ಓದಿದ ಮೇಲೆ ಮತ್ತೆ ಬರೆಯಿರಿ. ಎರಡು ಉತ್ತರಗಳ ನಡುವಿನ ವ್ಯತ್ಯಾಸ 1976ರ ಪಾಠವನ್ನು ನಿಮ್ಮ ಕೈಯಲ್ಲೇ ತೋರಿಸುತ್ತದೆ. ಆಮೇಲೆ ಸಮೀಕ್ಷೆ ಹಿಡಿದು ಈ ಐದನ್ನು ಗುರುತು ಮಾಡಿ: ಯಾರನ್ನು ಕೇಳಿದರು, ಎಷ್ಟು ಜನ, ಯಾವಾಗ, ಮುಂಚಿನ ನಿರೀಕ್ಷೆ ಎಷ್ಟಿತ್ತು, ಪ್ರಶ್ನೆ ‘ಗೆದ್ದವರು’ ಎಂದೋ ‘ಮತ’ ಎಂದೋ.

ಅಭ್ಯಾಸಕ್ಕೆ ಒಂದು ಲೆಕ್ಕ. 2024ರ ಜೂನ್ ಸಮೀಕ್ಷೆಯಲ್ಲಿ 565 ಜನ, ದೋಷಮಿತಿ ±5.5. ನಿಜವಾದ ಬಲ ಎಷ್ಟು ಜನರದ್ದು? (98 ÷ 5.5)² = ಸುಮಾರು 317.