ಹಣ್ಣು ಹಂಚುವ ಮೊದಲು ಆ ಪುಸ್ತಕ ಕೇಳಿ

ಆಗಸ್ಟ್ ಮೊದಲ ವಾರ ಬಂತೆಂದರೆ ನನಗೆ ಫೋನ್ ಶುರು. ‘ಮೇಡಂ, ಸ್ವಾತಂತ್ರ್ಯ ದಿನಕ್ಕೆ ಜೈಲಲ್ಲಿ ಹಣ್ಣು ಹಂಚಬೇಕಿತ್ತು. ಪರ್ಮಿಷನ್ ಮಾಡಿಸಿ ಕೊಡ್ತೀರಾ?’ ಅಕ್ಟೋಬರ್ 2ಕ್ಕೆ ಮತ್ತೆ ಅದೇ ಮಾತು. ಉಚಿತ ಕಾನೂನು ನೆರವಿನ ವಕೀಲೆಯಾಗಿ ಜೈಲಿಗೆ ಹೋಗಿ ಬರುವುದು ನನ್ನ ಕೆಲಸ, ಅದಕ್ಕೇ ನನ್ನನ್ನು ಕೇಳುತ್ತಾರೆ. ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರು. ಹಂಚಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ಹಣ್ಣು ಕೈಗೆ ಬಂದಾಗ ಒಳಗಿರುವವರ ಮುಖ ಅರಳುವುದನ್ನು ನಾನೂ ನೋಡಿದ್ದೇನೆ. ಆದರೆ ಹಣ್ಣು ಕೊಟ್ಟು, ಎರಡು ಒಳ್ಳೆಯ ಮಾತು ಹೇಳಿ ಹೊರಗೆ ಬಂದವರಲ್ಲಿ ಒಬ್ಬರಾದರೂ ‘ಇಲ್ಲಿ ಸಂದರ್ಶಕರ ಮಂಡಳಿ ಇದೆಯಾ? ಕೊನೆಯ ಸಲ ಯಾವಾಗ ಬಂದಿತ್ತು?’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಜೈಲಿನೊಳಗೆ ಹೋಗಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುವ ಮಂಡಳಿ ಅದು. ಬೇಜಾರಾಗುವುದು ಅಲ್ಲೇ.

ಈಗ ನಮ್ಮ ದಕ್ಷಿಣ ಕನ್ನಡಕ್ಕೆ ಮುಡಿಪು ಹತ್ತಿರ ಹೊಸ ಜೈಲು ಎಂದಾಗಿದೆ. ಕೊಡಿಯಾಲ್‌ಬೈಲಿನ ಹಳೆ ಜೈಲು ಪೇಟೆಯ ಮಧ್ಯದಲ್ಲಿದೆ, ಕೋರ್ಟಿಗೂ ಹತ್ತಿರ. ಹೊಸದು ಊರಿನಿಂದ ದೂರ. ಈ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಗೋಡೆ ಎಷ್ಟು ಎತ್ತರ, ಜಾಮರ್ ಹಾಕ್ತಾರಾ, ನಮ್ಮ ಊರಿಗೆ ತೊಂದರೆ ಇಲ್ಲ ಅಲ್ವಾ ಎಂದು. ಹತ್ತಿರದಲ್ಲಿ ಮನೆ ಇರುವವರು ಕೇಳುವುದು ಸಹಜ. ಆದರೆ ಗೋಡೆಯನ್ನು ಸರ್ಕಾರ ನೀವು ಕೇಳದಿದ್ದರೂ ಕಟ್ಟುತ್ತದೆ. ಕೇಳದೆ ಬಾರದ ಕೆಲವು ಸಂಗತಿಗಳಿವೆ.

ಬೆಂಗಳೂರಿನವರಿಗೆ ಇದು ನೆನಪಿರಬಹುದು. ಕೇಂದ್ರ ಕಾರಾಗೃಹ ಮೊದಲು ಗಾಂಧಿನಗರದಲ್ಲಿತ್ತು, ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದವರು ನಡೆದೇ ಹೋಗಬಹುದಿತ್ತು. 2000ದಲ್ಲಿ ಅದು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಊರಿಂದ ಮಗನನ್ನು ನೋಡಲು ಬರುವ ತಾಯಿಗೆ ಮೆಜೆಸ್ಟಿಕ್‌ನಿಂದ ಮತ್ತೊಂದು ದೊಡ್ಡ ಪ್ರಯಾಣ ಸೇರಿಕೊಂಡಿತು. ಜೈಲು ದೂರ ಹೋದಷ್ಟೂ ನೋಡಲು ಬರುವವರು ಕಡಿಮೆಯಾಗುತ್ತಾರೆ. ಮನೆಯವರ ಮುಖ ಕಾಣದ ಮನುಷ್ಯ ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು? ಪುನರ್ವಸತಿ ಅನ್ನುವ ದೊಡ್ಡ ಮಾತು ಬಸ್ ನಿಲ್ದಾಣದಿಂದಲೇ ಶುರುವಾಗಬೇಕು. ಭೇಟಿಗೆ ಕಾಯುವವರಿಗೆ ನೆರಳು, ನೀರು, ಹೆಂಗಸರಿಗೆ ಶೌಚಾಲಯ ನಕ್ಷೆಯಲ್ಲೇ ಇರಬೇಕು. ಕಟ್ಟಿದ ಮೇಲೆ ಕೇಳಿದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಇನ್ನೊಂದು ಮಾತು ಎಷ್ಟು ಸಲ ಹೇಳಿದರೂ ಜನರ ತಲೆಯಲ್ಲಿ ಕೂರುವುದಿಲ್ಲ. ಜೈಲಲ್ಲಿರುವವರೆಲ್ಲ ಶಿಕ್ಷೆಯಾದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ಕರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಜಿಲ್ಲಾ ಜೈಲಿನಲ್ಲಂತೂ ಇವರೇ ಜಾಸ್ತಿ. ನೇಯ್ಗೆ, ಬೇಕರಿ, ಬಡಗಿ ಕೆಲಸ ಎಂದು ಜೈಲಿನ ಬಗ್ಗೆ ನಾವು ಕೇಳುವುದೆಲ್ಲ ಹೆಚ್ಚಾಗಿ ಸಜಾ ಆದವರಿಗೆ. ವಿಚಾರಣಾಧೀನ ಕೈದಿಯಿಂದ ಒತ್ತಾಯವಾಗಿ ದುಡಿಸುವಂತಿಲ್ಲ, ಅದು ಸರಿ ಕೂಡ. ಆದರೆ ದುಡಿಯಲು ಇಷ್ಟವಿದ್ದರೂ, ಓದಲು ಇಷ್ಟವಿದ್ದರೂ ಎಷ್ಟೋ ಕಡೆ ಅವರಿಗೆ ಏನೂ ಸಿಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸುಮ್ನೆ ಕೂತಿರಬೇಕು. ಹೊಸ ಜೈಲಿನಲ್ಲಿ ಇವರ ಹಗಲು ಹೇಗೆ ಕಳೆಯುತ್ತದೆ ಎಂದು ಯಾರಾದರೂ ಈಗಲೇ ಕೇಳಬೇಕು.

ಇನ್ನು ಆ ಮಂಡಳಿಯ ವಿಷಯ. ಪ್ರತಿ ಜೈಲಿಗೂ ಸಂದರ್ಶಕರ ಮಂಡಳಿ ಇರಬೇಕು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಯಂಥವರ ಜೊತೆಗೆ ಸರ್ಕಾರ ನೇಮಿಸುವ ಅಧಿಕಾರೇತರ ಸಂದರ್ಶಕರು ಅದರಲ್ಲಿರುತ್ತಾರೆ. ಇವರಲ್ಲಿ ಸಮಾಜಸೇವೆಯವರಿಗೂ ಜಾಗ ಉಂಟು. ಇವರು ಒಳಗೆ ಹೋಗಬಹುದು, ಕೈದಿಗಳ ಜೊತೆ ಮಾತಾಡಬಹುದು, ದಾಖಲೆ ನೋಡಬಹುದು. ನೋಡಿದ್ದನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಯಬಹುದು. ಬರೆದದ್ದು ಜೈಲು ಅಧೀಕ್ಷಕರ ವಿವರಣೆಯೊಂದಿಗೆ ಮೇಲಧಿಕಾರಿಗಳಿಗೆ ಹೋಗಬೇಕು. ಇಲ್ಲೇ ಜನ ತಪ್ಪು ತಿಳಿಯುವುದು. ಇದು ಹೋಟೆಲಿನಲ್ಲಿಡುವ ಅಭಿಪ್ರಾಯದ ಪುಸ್ತಕ ಅಂದುಕೊಳ್ಳುತ್ತಾರೆ. ಇಲ್ಲಿ ಬರೆದ ಒಂದು ಸಾಲಿಗೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಫೈಲಿಗೆ ಹೋಗುತ್ತದೆ.

ಬೇರೆ ಜಿಲ್ಲೆಯ ಒಂದು ಜೈಲು, ಹೆಸರು ಬೇಡ. ಅಲ್ಲಿಯ ಪುಸ್ತಕವನ್ನು ನಾನು ಒಮ್ಮೆ ಮೊದಲಿನಿಂದ ತಿರುವಿ ಹಾಕಿದೆ. ‘ಊಟ ರುಚಿಯಾಗಿದೆ. ಸ್ವಚ್ಛತೆ ಚೆನ್ನಾಗಿದೆ.’ ಮುಂದಿನ ಪುಟದಲ್ಲೂ ಅದೇ. ಶಾಯಿ ಮಾತ್ರ ಬೇರೆ. ಕೊನೆಯ ಸಹಿಗೆ ಹದಿನಾಲ್ಕು ತಿಂಗಳಾಗಿತ್ತು. ಅದೇ ದಿನ ಬ್ಯಾರಕ್‌ನಲ್ಲಿ ಒಬ್ಬ ಹುಡುಗ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದ. ಮಡಿಕೆಯಲ್ಲಿ ಹರಿದು, ಬೆವರಿಗೆ ಅಕ್ಷರ ಮಸುಕಾಗಿತ್ತು. ‘ಅಕ್ಕಾರ, ಇದರಾಗ ಏನ್ ಬರದೈತ್ರಿ?’ ಅಂದ. ಅದು ಅವನ ಜಾಮೀನು ಆದೇಶ. ಸಿಕ್ಕಿ ನಾಲ್ಕು ತಿಂಗಳಾಗಿತ್ತು. ಸಿಂಧನೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಪಹಣಿ ಹಿಡಿದು ಕೋರ್ಟಿಗೆ ಬಂದು ಅವನಿಗೆ ಜಾಮೀನು ನಿಲ್ಲುವವರು ಆ ಊರಿನಲ್ಲಿ ಯಾರಿದ್ದಾರೆ?

ಇಂಥವರಿಗಾಗಿ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸ್ಪಷ್ಟವಾಗಿ ಹೇಳಿದೆ. ಜಾಮೀನು ಸಿಕ್ಕಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಆ ದಿನ ಅಂಥ ನಾಲ್ವರ ಪಟ್ಟಿ ಮಾಡಿದೆವು. ನನ್ನ ಜೊತೆ ಬಂದಿದ್ದ ಸಂದರ್ಶಕಿ, ನಿವೃತ್ತ ಟೀಚರ್, ಅದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಅಧೀಕ್ಷಕರಿಗೆ ಸಿಟ್ಟು ಬರುತ್ತದೇನೋ ಎಂದು ನಾನು ಅಂದುಕೊಂಡಿದ್ದೆ. ಅವರು ‘ಒಳ್ಳೆಯದಾಯ್ತು ಟೀಚರ್, ಇರುವಷ್ಟೇ ಸಿಬ್ಬಂದಿಯಲ್ಲಿ ನಡೆಸಿ ನಮಗೂ ಸಾಕಾಗಿ ಹೋಗಿದೆ, ಡಾಕ್ಟರ್ ಇಲ್ಲದ್ದನ್ನೂ ಬರೆಯಿರಿ’ ಅಂದರು. ಜೈಲಿನವರನ್ನು ಶತ್ರುಗಳೆಂದು ಮೊದಲೇ ತೀರ್ಮಾನಿಸಿ ಹೋಗುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಹುಡುಗ ಮೂರು ವಾರದಲ್ಲಿ ಹೊರಗೆ ಬಂದ. ಪ್ರತಿ ಕೇಸೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಷರತ್ತು ಸಡಿಲಿಸುವುದು ಕೋರ್ಟಿನ ವಿವೇಚನೆ, ಕೇಸಿನಿಂದ ಕೇಸಿಗೆ ಬೇರೆಯಾಗುತ್ತದೆ.

ಒಳಗೆ ಹೋಗುವ ಅವಕಾಶ ಸಿಕ್ಕವರು ಅಡುಗೆಮನೆಯಲ್ಲಿ ಸಾಂಬಾರಿನ ರುಚಿ ನೋಡಿ ಸುಮ್ಮನಾಗಬೇಡಿ. ಅಡುಗೆ ಯಾರು ಮಾಡುತ್ತಿದ್ದಾರೆ, ಕಕ್ಕಸು ಯಾರು ತೊಳೆಯುತ್ತಿದ್ದಾರೆ, ಅದನ್ನು ನಿರ್ಧರಿಸಿದ್ದು ಹೇಗೆ ಎಂದು ಕೇಳಿ. 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದಿತು, ರಿಜಿಸ್ಟರಿನ ಜಾತಿ ಕಾಲಂ ತೆಗೆಯಲು ಹೇಳಿತು. ಇದು ಜಾರಿಯಾಗಿದೆಯೇ ಎಂದು ಕಾನೂನು ಸೇವಾ ಪ್ರಾಧಿಕಾರ ಮತ್ತು ಇದೇ ಸಂದರ್ಶಕರ ಮಂಡಳಿ ಜೊತೆಯಾಗಿ ನೋಡಬೇಕು ಎಂದೂ ಹೇಳಿತು. ಮಂಡಳಿಯೇ ಇಲ್ಲದ ಕಡೆ ಜೊತೆಯಾಗುವುದು ಯಾರು?

ಮುಡಿಪು ಕಡೆಯ ಒಂದು ಯುವಕರ ಗುಂಪು ಹೋದ ತಿಂಗಳು ನನ್ನ ಆಫೀಸಿಗೆ ಬಂತು. ಕೈಯಲ್ಲಿ ಮನವಿ, ಅದರಲ್ಲಿ ಬೀದಿದೀಪ, ಕ್ಯಾಮೆರಾ, ಪೊಲೀಸ್ ಚೌಕಿ. ಅದು ಇರಲಿ ಅಂದೆ, ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕೋಣ ಅಂದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ವಿಷಯ: ಜಿಲ್ಲಾ ಕಾರಾಗೃಹದ ಸಂದರ್ಶಕರ ಮಂಡಳಿ. ಈಗಿನ ಸದಸ್ಯರು ಯಾರು? ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ದಿನ ಸಭೆ ಸೇರಿದೆ, ಭೇಟಿ ಕೊಟ್ಟಿದೆ? ಸಂದರ್ಶಕರ ಪುಸ್ತಕದಲ್ಲಿ ಬರೆದ ಟಿಪ್ಪಣಿಗಳ ಮತ್ತು ಅವುಗಳ ಮೇಲೆ ಕೈಗೊಂಡ ಕ್ರಮದ ಪ್ರತಿ ಕೊಡಿ. ಕೈದಿಗಳ ಖಾಸಗಿ ವಿವರ ಇದ್ದಲ್ಲಿ ಅಷ್ಟನ್ನು ಬಿಟ್ಟು ಕೊಡುತ್ತಾರೆ, ಅದಕ್ಕೆ ಜಗಳ ಬೇಡ ಎಂದೂ ಹೇಳಿದೆ.

ಅವರಲ್ಲಿ ಚಿಕ್ಕವನು ಬರೆದುಕೊಂಡು ಪದ ಎಣಿಸಿದ. ಲೆಕ್ಕದೊಳಗೇ ಇತ್ತು. ಕೆಳಗೆ ಐವರೂ ಸಹಿ ಹಾಕಲು ಹೊರಟರು. ಒಬ್ಬರ ಹೆಸರಲ್ಲಿ ಹಾಕಿದರೆ ಸಾಕು ಅಂದೆ, ಮೂವತ್ತು ದಿನದಲ್ಲಿ ಉತ್ತರ ಬರಬೇಕು.